ಕೈ ತಪ್ಪಿದ ಗಿಡುಗ

ಸೊಲ್ಲಾಪುರದ ಮಾರ್ಕೆಟ್ ಯಾರ್ಡಿನಲ್ಲಿ ವ್ಯಾಪಾರ ಮಾಡುವವರಿಗೆಲ್ಲ ಶಿಕ್ರಾ ಹಕ್ಕಿಯ ಪರಿಚಯ ಇದ್ದೇ ಇರುತ್ತದೆ. ಹೆಸರು ಗೊತ್ತಿಲ್ಲದಿದ್ದರೂ ಅದರ ಕೆಲಸ ಗೊತ್ತಿರುತ್ತದೆ. ಮುಂಜಾನೆ ಸವಾಲು ಸುರುವಾಗುವ ಮೊದಲು ಚೀಲದಿಂದ ಉದುರಿದ ಜೋಳ, ತೊಗರಿ ಆರಿಸಲು ಇಳಿದ ಪಾರಿವಾಳ, ಗುಬ್ಬಿಗಳ ಹಿಂಡು ಒಮ್ಮೆಲೆ ಭರ್ರೆಂದು ಎದ್ದಿತೆಂದರೆ ಹಮಾಲರು ಕತ್ತೆತ್ತಿ ನೋಡದೆಯೇ "ಬಂತು" ಎನ್ನುತ್ತಾರೆ. ಬೂದು ಬೆನ್ನಿನ, ಎದೆಯ ಮೇಲೆ ಕಂದು ಗೆರೆಗಳುಳ್ಳ, ಪಾರಿವಾಳಕ್ಕಿಂತ ದೊಡ್ಡದಲ್ಲದ ಈ ಗಿಡುಗ ನಮ್ಮ ಕಡೆ ಊರೂರಿಗೂ ಇದೆ. ಅದರ ಬಗ್ಗೆ ಬರೆಯುವಂಥದ್ದೇನಿದೆ ಎಂದು ವಾಚಕರು ಕೇಳಬಹುದು. ನಾವು ಬರೆಯಹೊರಟಿದ್ದು ಕಾಲಿಗೆ ಚರ್ಮದ ಪಟ್ಟಿ ಕಟ್ಟಿಕೊಂಡು ಹಾರುವ ಗಿಡುಗದ ಬಗ್ಗೆ.

ಕೆಲವು ವರ್ಷಗಳ ಹಿಂದೆ, ಸಂಕ್ರಮಣ ಮುಗಿದ ಮೇಲೆ, ಸಿದ್ಧೇಶ್ವರ ಗಡ್ಡೆಯ ಜಾತ್ರೆಯ ಗದ್ದಲ ಇನ್ನೂ ಇಳಿದಿರಲಿಲ್ಲ. ವಸೂಲಿಗೆಂದು ಅಕ್ಕಲಕೋಟೆಗೆ ಹೊರಟಿದ್ದೆವು. ವಳಸಂಗ ದಾಟಿದ ಮೇಲೆ ನಮ್ಮ ಟೆಂಪೊ ಪಂಕ್ಚರ್ ಆಯಿತು. ರಸ್ತೆಯ ಎರಡೂ ಬದಿಗೆ ಬಿಳಿಜೋಳ ತೆನೆಗೆ ಬಂದಿತ್ತು. ಬದುವಿನ ಜಾಲಿಗಿಡದಲ್ಲಿ ಕಾಗೆಗಳು ಹತ್ತಿಪ್ಪತ್ತು ಸೇರಿ ಒಂದೇ ಸಮನೆ ಕೂಗುತ್ತಿದ್ದವು. ನಮ್ಮ ಡ್ರೈವರ್ ಹತ್ತಿರ ಹೋಗಿ ನೋಡಿ ಕರೆದ. ಒಂದು ಶಿಕ್ರಾ ತಲೆ ಕೆಳಗಾಗಿ ನೇತಾಡುತ್ತಿತ್ತು. ಗಾಳಿಪಟದ ಮಾಂಜಾ ಸುತ್ತಿರಬೇಕೆಂದು ನಾವು ಭಾವಿಸಿದೆವು. ಸಂಕ್ರಮಣದ ದಿವಸಗಳಲ್ಲಿ ಅದು ಹೊಸದಲ್ಲ. ಆದರೆ ಅದು ಮಾಂಜಾ ಆಗಿರಲಿಲ್ಲ. ಎರಡೂ ಕಾಲಿಗೆ ಬೆರಳಗಲಕ್ಕಿಂತ ಸಣ್ಣದಾದ ಚರ್ಮದ ಪಟ್ಟಿಗಳು, ಅವುಗಳ ತುದಿಗೆ ಗಂಟು ಹಾಕಿದ ಒಂದು ಮೊಳ ದಾರ, ಒಂದು ಕಾಲಿಗೆ ಸಣ್ಣ ಹಿತ್ತಾಳೆ ಗೆಜ್ಜೆ. ಆ ದಾರ ಮುಳ್ಳುಕೊಂಬೆಗೆ ಸುತ್ತಿಕೊಂಡಿತ್ತು. ರೆಕ್ಕೆ ಬಡಿದಾಗಲೆಲ್ಲ ಗೆಜ್ಜೆ ಸಪ್ಪಳ ಮಾಡುತ್ತಿತ್ತು. ಯಾರೋ ಹಿಡಿದು, ಪಳಗಿಸಿ, ಕೈಮೇಲೆ ಕೂಡಿಸಿ ಹಾರಿಸಿದ ಹಕ್ಕಿ ಅದು. ಕೈ ತಪ್ಪಿ ಬಂದಿತ್ತು.

ಡ್ರೈವರ್ ಟವೆಲ್ ಹೊದಿಸಿ ಹಿಡಿದ. ಚಾಕುವಿನಿಂದ ದಾರ ಕತ್ತರಿಸಿ ಕೆಳಗಿಳಿಸಿದ. ಅದರ ಕಣ್ಣು ಕೆಂಪಗಿತ್ತು, ಬಾಯಿ ತೆರೆದು ತೇಕುತ್ತಿತ್ತು. ಟೆಂಪೊದಲ್ಲಿದ್ದ ಚಹಾಪುಡಿಯ ರಟ್ಟಿನ ಡಬ್ಬಿಗೆ ತೂತು ಕೊರೆದು ಅದರಲ್ಲಿಟ್ಟು ಅಕ್ಕಲಕೋಟೆಯಲ್ಲಿ ನಮ್ಮ ಬೀಗರ ಮನೆಗೆ ಒಯ್ದೆವು. ಅಲ್ಲಿ ನಿಜವಾದ ಪೇಚಾಟ ಸುರುವಾಯಿತು. ಹಸಿದ ಪ್ರಾಣಿ ಮನೆಗೆ ಬಂದಿದೆ, ಏನಾದರೂ ಹಾಕದೆ ಇರುವುದು ಹೇಗೆ? ಬೀಗರ ತಾಯಿ ಹಾಲಿನಲ್ಲಿ ರೊಟ್ಟಿ ನೆನೆಸಿ ತಂದರು. ಹುಡುಗರು ಅದು ಮಾಂಸ ಮಾತ್ರ ತಿನ್ನುತ್ತದೆ ಎಂದರು. ಮಾಂಸ ಈ ಮನೆಯ ಹೊಸ್ತಿಲು ದಾಟುವ ಮಾತೇ ಇಲ್ಲ. ಹಾಗಾದರೆ ಹಸಿವಿನಿಂದ ಸಾಯಲು ಬಿಡುವುದೇ? ಶಾಂತಿನಾಥ ತೀರ್ಥಂಕರರ ಹಿಂದಿನ ಭವದ ಮೇಘರಥ ರಾಜನ ಕಥೆ, ಆ ಪಾರಿವಾಳ, ಆ ಗಿಡುಗ, ಎಲ್ಲವೂ ಅಂದು ಪಡಸಾಲೆಯಲ್ಲಿ ಚರ್ಚೆಗೆ ಬಂದವು. ಅರಣ್ಯ ಖಾತೆಗೆ ಫೋನ್ ಹಚ್ಚಿದಾಗ ಬಂದ ಉತ್ತರ ಸರಳವಾಗಿತ್ತು. "ಏನೂ ಹಾಕಬೇಡಿರಿ. ನೀರನ್ನೂ ಕುಡಿಸಬೇಡಿರಿ. ಕತ್ತಲೆಯಲ್ಲಿ ಸುಮ್ಮನೆ ಇಡಿರಿ. ನಾವು ಬರುತ್ತೇವೆ." ಸಂಜೆ ಬಂದು ಒಯ್ದರು. ಕಾಲಪಟ್ಟಿ ಬಿಚ್ಚಿ, ಎರಡು ದಿವಸ ಇಟ್ಟುಕೊಂಡು, ಹಾರಿಬಿಟ್ಟೆವೆಂದು ಆಮೇಲೆ ತಿಳಿಸಿದರು.

ಆ ಮೇಲೆ ಈ ವಿಷಯದ ಬಗ್ಗೆ ತಿಳಿದವರನ್ನು ಕೇಳುತ್ತ, ಸಿಕ್ಕ ಪುಸ್ತಕ ಓದುತ್ತ ಬಂದೆವು. ನಮಗೆ ಆಶ್ಚರ್ಯವಾದದ್ದು ಇಷ್ಟೇ: ಗಿಡುಗ ಹಾರಿಸುವ ವಿದ್ಯೆ ಅರಬರದೋ ಇಂಗ್ಲಿಷರದೋ ಎಂದು ನಾವು ತಿಳಿದಿದ್ದರೆ, ಅದರ ಹಳೆಯ ಬೇರು ನಮ್ಮ ಮನೆಯ ಹಿತ್ತಿಲಲ್ಲೇ ಇದೆ.

ಸೊಲ್ಲಾಪುರದಿಂದ ಹೈದ್ರಾಬಾದ ರಸ್ತೆ ಹಿಡಿದು ಉಮರ್ಗಾ ದಾಟಿ ಹೋದರೆ ಬೀದರ ಜಿಲ್ಲೆಯ ಬಸವಕಲ್ಯಾಣ. ಅದೇ ಕಲ್ಯಾಣದ ಚಾಲುಕ್ಯರ ರಾಜಧಾನಿ. ಅಲ್ಲಿ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ದೊಡ್ಡ ಸಂಸ್ಕೃತ ಗ್ರಂಥ ರಚಿಸಿದ. ಅಡಿಗೆಯಿಂದ ಹಿಡಿದು ಆನೆಯವರೆಗೆ ಅದರಲ್ಲಿ ಇಲ್ಲದ್ದಿಲ್ಲ. ರಾಜನ ವಿನೋದಗಳನ್ನು ಹೇಳುವ ಭಾಗದಲ್ಲಿ ಶ್ಯೇನ ವಿನೋದ, ಅಂದರೆ ಗಿಡುಗದ ಬೇಟೆ, ಒಂದು ಪ್ರಕರಣವೇ ಆಗಿದೆ. ಇನ್ನೊಂದು ಸಂಗತಿ. 'ಸಾಳುವ' ಎಂದರೆ ಬೇಟೆಗೆ ಬಳಸುವ ಗಿಡುಗ ಎಂದೇ ನಿಘಂಟುಗಳು ಹೇಳುತ್ತವೆ. 1485ರಲ್ಲಿ ವಿಜಯನಗರದ ಪಟ್ಟಕ್ಕೆ ಬಂದ ಸಾಳುವ ನರಸಿಂಹನ ಮನೆತನದ ಮೂಲವನ್ನು ಇದೇ ಕಲ್ಯಾಣದ ಸೀಮೆಗೆ ಒಯ್ದು ಹಚ್ಚುತ್ತಾರೆ. ಒಂದು ರಾಜವಂಶಕ್ಕೇ ಹಕ್ಕಿಯ ಹೆಸರು ಬಂದಿದೆಯೆಂದರೆ ಈ ನೆಲದಲ್ಲಿ ಆ ಬೇಟೆ ಎಷ್ಟು ರೂಢಿಯಲ್ಲಿತ್ತೆಂದು ವಾಚಕರೇ ಊಹಿಸಬಹುದು.

ವಿಜಾಪುರದ ಬಾದಶಾಹಿಯಲ್ಲೂ ಅಷ್ಟೇ. ಎರಡನೆಯ ಇಬ್ರಾಹಿಂ ಆದಿಲಶಾಹಿ ಕುದುರೆ ಏರಿ ಗಿಡುಗ ಹಿಡಿದು ಹೊರಟ ಚಿತ್ರವೊಂದು ಇಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಚಾಂದಬೀಬಿ ಕೈಮೇಲೆ ಗಿಡುಗ ಇಟ್ಟುಕೊಂಡು ಕುದುರೆ ಓಡಿಸುವ ಚಿತ್ರವನ್ನಂತೂ ಅನೇಕರು ಶಾಲೆಯ ಪುಸ್ತಕಗಳಲ್ಲಿ ನೋಡಿರಬಹುದು. ಅದನ್ನು ಬರೆದದ್ದು ಆಕೆ ಸತ್ತು ನೂರು ವರ್ಷ ಕಳೆದ ಮೇಲೆ. ನಮ್ಮ ಊರಿನವರಿಗೆ ಆಕೆಯ ಮೇಲೆ ವಿಶೇಷ ಹಕ್ಕಿದೆ. 1564ರ ಸುಮಾರಿಗೆ ಅಹಮದನಗರದ ನಿಜಾಮಶಾಹ ತನ್ನ ಮಗಳು ಚಾಂದಬೀಬಿಯನ್ನು ವಿಜಾಪುರದ ಅಲಿ ಆದಿಲಶಾಹನಿಗೆ ಕೊಟ್ಟಾಗ ವರದಕ್ಷಿಣೆಯಾಗಿ ಬಂದದ್ದು ಸೊಲ್ಲಾಪುರದ ಕೋಟೆ! ವರದಕ್ಷಿಣೆಯ ಪಿಡುಗು ಎಷ್ಟು ಹಳೆಯದೆಂಬುದಕ್ಕೂ ಇದು ಸಾಕ್ಷಿ.

ಬೇಟೆಗಾರರು ಯಾವ ಯಾವ ಹಕ್ಕಿ ಬಳಸುತ್ತಿದ್ದರು? ನಿಜಾಮ ಸೀಮೆಯಲ್ಲಿ ಸೈನ್ಯದ ಡಾಕ್ಟರನಾಗಿದ್ದ ಜೆರ್ಡನ್ ಎಂಬ ಇಂಗ್ಲಿಷ್ ಪಕ್ಷಿತಜ್ಞ 1862ರಿಂದ ಪ್ರಕಟವಾದ ತನ್ನ ಗ್ರಂಥದಲ್ಲಿ ಇವನ್ನೆಲ್ಲ ಬರೆದಿಟ್ಟಿದ್ದಾನೆ. ಭೈರಿ, ಶಾಹೀನ್, ಲಗ್ಗರ್, ತುರುಮತಿ, ಶಿಕ್ರಾ. ಕೆಂಪು ತಲೆಯ ಸಣ್ಣ ತುರುಮತಿಯನ್ನು ನೀಲಕಂಠ ಪಕ್ಷಿಯ ಮೇಲೆ ಬಿಡುತ್ತಿದ್ದರಂತೆ. ಈ ಜಾತಿಗಳಲ್ಲಿ ಹೆಣ್ಣು ದೊಡ್ಡದು, ಗಂಡು ಸಣ್ಣದು. ಆದ್ದರಿಂದ ಹೆಣ್ಣಿಗೆ ಒಂದು ಹೆಸರು, ಗಂಡಿಗೆ ಇನ್ನೊಂದು. ಬಾಜ್ ಹೆಣ್ಣಾದರೆ ಜುರ್ರಾ ಗಂಡು. ಶಿಕ್ರಾ ಹೆಣ್ಣಾದರೆ ಚಿಪ್ಕಾ ಗಂಡು. ಬೆಲೆಯೂ ಹೆಣ್ಣಿಗೇ ಹೆಚ್ಚು.

ಈಗ ಮುಖ್ಯ ಮಾತಿಗೆ ಬರೋಣ. ಕೈಮೇಲೆ ಕೂತು ತಿನ್ನುವ ಹಕ್ಕಿ ಕೈ ತಪ್ಪುವುದಾದರೂ ಹೇಗೆ? ನಾಯಿ ಯಜಮಾನನನ್ನು ಪ್ರೀತಿಸುತ್ತದೆ, ಅದಕ್ಕೇ ಮರಳಿ ಬರುತ್ತದೆ. ಗಿಡುಗಕ್ಕೆ ಆ ಭಾವನೆ ಇಲ್ಲ. ಅದು ಮರಳುವುದು ಹೊಟ್ಟೆಗಾಗಿ. ಗಿಡುಗ ಸಾಕುವವನ ಮುಖ್ಯ ಸಾಮಾನು ಚರ್ಮದ ಕೈಚೀಲವೂ ಅಲ್ಲ, ಕಣ್ಣಿಗೆ ಹಾಕುವ ಟೋಪಿಯೂ ಅಲ್ಲ, ಅದು ತಕ್ಕಡಿ. ದಿನಾಲು ಹಕ್ಕಿಯನ್ನು ತೂಗುತ್ತಾರೆ. ಹೊಟ್ಟೆ ತುಂಬಿದ್ದರೆ ಅದು ಮರದ ಮೇಲೆ ಕೂತು ಯಜಮಾನನ ಕೂಗಿಗೆ ಕಿವಿಗೊಡುವುದಿಲ್ಲ. ತೀರ ಹಸಿದಿದ್ದರೆ ಹಾರುವ ಶಕ್ತಿ ಇರುವುದಿಲ್ಲ. ಇವೆರಡರ ನಡುವೆ ಒಂದು ತೂಕವಿದೆ. ಆ ತೂಕದಲ್ಲಿದ್ದಾಗ ಮಾತ್ರ ಅದು ಹಾರುತ್ತದೆ, ಬೇಟೆಯಾಡುತ್ತದೆ, ಕರೆದರೆ ಬರುತ್ತದೆ. ಭೈರಿಯಂಥ ದೊಡ್ಡ ಹಕ್ಕಿಗೆ ಹತ್ತಿಪ್ಪತ್ತು ಗ್ರಾಂ ಆಚೀಚೆ ಆದರೂ ನಡೆದೀತು. ಒಟ್ಟು ತೂಕವೇ ನೂರರಿಂದ ಇನ್ನೂರು ಗ್ರಾಂ ಇರುವ ಶಿಕ್ರಾದಲ್ಲಿ ನಾಲ್ಕೈದು ಗ್ರಾಮಿಗೇ ಲೆಕ್ಕ ತಪ್ಪುತ್ತದೆ. ನಾವು ಜೀವನವೆಲ್ಲ ತಕ್ಕಡಿ ಹಿಡಿದವರು. ಹಾಗಿದ್ದೂ ಇಷ್ಟು ಸೂಕ್ಷ್ಮ ತೂಕದ ಮೇಲೆ ನಿಂತ ವ್ಯವಹಾರ ಬಂಗಾರದ ಅಂಗಡಿಯ ಹೊರಗೆ ಇದೆಯೆಂದು ನಮಗೆ ಗೊತ್ತಿರಲಿಲ್ಲ.

ಹೀಗಿರುವಾಗ ಬೇಟೆಯ ಹಿಂದೆ ದೂರ ಹೋದ ಹಕ್ಕಿ ಅಲ್ಲಿಯೇ ಹಿಡಿದು ತಿಂದು ಹೊಟ್ಟೆ ತುಂಬಿಸಿಕೊಂಡಿತೆಂದರೆ, ಯಜಮಾನನ ಮೇಲಿನ ಅದರ ಹಂಗು ತೀರಿತು. ಗಾಳಿ ಜೋರಾಗಿ ಎಳೆದೊಯ್ದರೂ ಅಷ್ಟೇ. ಅದಕ್ಕೇ ಹಿಂದಿನವರು ಕಾಲಿಗೆ ಗೆಜ್ಜೆ ಕಟ್ಟುತ್ತಿದ್ದರು, ಬೆಳೆಯ ಮರೆಯಲ್ಲಿ ಕೂತರೂ ಸಪ್ಪಳದಿಂದ ಗೊತ್ತಾಗಲೆಂದು. ಲಾಹೋರಿನ ಗೆಜ್ಜೆಗಳಿಗೆ ಇಂಗ್ಲೆಂಡಿನಲ್ಲಿಯೂ ಗಿರಾಕಿಗಳಿದ್ದರು. ಈಗ ಶ್ರೀಮಂತ ದೇಶಗಳವರು ರೇಡಿಯೊ ಟ್ರಾನ್ಸ್‌ಮಿಟರ್ ಕಟ್ಟುತ್ತಾರೆ.

ಕೈ ತಪ್ಪಿದ ಹಕ್ಕಿ ಸ್ವತಂತ್ರವಾಯಿತು, ಒಳ್ಳೆಯದೇ ಆಯಿತು ಎಂದು ಮೊದಲು ಯಾರಿಗಾದರೂ ಅನಿಸುತ್ತದೆ. ಪಂಜರದ ಬಾಗಿಲು ತೆಗೆದು ಹಕ್ಕಿ ಬಿಡುವುದನ್ನು ನಮ್ಮಲ್ಲಿ ಪುಣ್ಯವೆಂದೇ ಎಣಿಸುತ್ತಾರೆ. ಆದರೆ ಇಲ್ಲಿ ಪಂಜರ ಹಕ್ಕಿಯ ಕಾಲಿನಲ್ಲಿಯೇ ಇರುತ್ತದೆ. ಹುಟ್ಟು ಬೇಟೆಗಾರನಾದ್ದರಿಂದ ಅದು ಹೊಟ್ಟೆಗೆ ಹೇಗೋ ಸಂಪಾದಿಸಿಕೊಂಡೀತು. ಅದನ್ನು ಕೊಲ್ಲುವುದು ಆ ಪಟ್ಟಿ. ಅದರ ತುದಿಯ ಸೀಳಿಗೆ ಕಡ್ಡಿ ಸಿಕ್ಕುತ್ತದೆ. ಉದ್ದನೆಯ ದಾರ ಇದ್ದರಂತೂ ಮರದಲ್ಲಿ, ವಿದ್ಯುತ್ ತಂತಿಯಲ್ಲಿ ಸುತ್ತಿಕೊಳ್ಳುವುದು ಇಂದಲ್ಲ ನಾಳೆ ಖಂಡಿತ. ತಲೆ ಕೆಳಗಾಗಿ ನೇತಾಡಿದ ಹಕ್ಕಿ ಬಹಳ ಹೊತ್ತು ಬದುಕುವುದಿಲ್ಲ. ತಿಳಿವಳಿಕೆ ಇರುವ ಪಳಗಿಸುವವರು ಹಾರಿಸುವಾಗ ಉದ್ದ ದಾರ ಬಿಚ್ಚಿ, ಸೀಳಿಲ್ಲದ ಗಿಡ್ಡ ಪಟ್ಟಿ ಮಾತ್ರ ಬಿಡುತ್ತಾರೆ. ಕದ್ದು ಹಿಡಿದು ಸಾಕುವವನಿಗೆ ಇಷ್ಟು ವಿವೇಚನೆ ಎಲ್ಲಿಂದ ಬರಬೇಕು?

ಇನ್ನೂ ಕ್ರೂರವಾದದ್ದೊಂದು ಇದೆ. ನಮ್ಮ ನಾನ್ನಜದ ಹುಲ್ಲುಗಾವಲಿನಂಥ ಬಯಲು ಸೀಮೆಯ ಹಕ್ಕಿ ಲಗ್ಗರ್. ದೊಡ್ಡ ಜಾತಿಯ ಗಿಡುಗ ಹಿಡಿಯಲು ಇದನ್ನೇ ಎರೆಯಾಗಿ ಬಳಸುವ ಪದ್ಧತಿ ಪಾಕಿಸ್ತಾನದ ಕಡೆ ಇದೆ. ಕಣ್ಣು ಸರಿಯಾಗಿ ಕಾಣದಂತೆ ರೆಪ್ಪೆಗೆ ದಾರ ಹೊಲಿದು, ಕಾಲಿಗೆ ಕುಣಿಕೆಗಳುಳ್ಳ ಗರಿಯ ಕಟ್ಟು ಕಟ್ಟಿ ಹಾರಿಸುತ್ತಾರೆ. ಅದು ಬೇಟೆ ಹೊತ್ತಿದೆಯೆಂದು ತಿಳಿದ ದೊಡ್ಡ ಗಿಡುಗ ಕಸಿಯಲು ಎರಗಿ ಕುಣಿಕೆಗೆ ಸಿಕ್ಕು ಎರಡೂ ನೆಲಕ್ಕೆ ಬೀಳುತ್ತವೆ. ಇಂಥ ಲಗ್ಗರ್ ತಪ್ಪಿಸಿಕೊಂಡರೆ ಅದರ ಗತಿ ಏನೆಂದು ಬರೆಯಲು ನಮ್ಮ ಕೈ ಬರುವುದಿಲ್ಲ.

ಎಲ್ಲ ಕಡೆಯೂ ಹೀಗೇ ಆಗುತ್ತದೆಂದಲ್ಲ. ಇಂಗ್ಲೆಂಡಿನಲ್ಲಿ ಬಾಜ್ ಗಿಡುಗದ ಸಂತತಿ 19ನೆಯ ಶತಮಾನದ ಕೊನೆಗೆ ನಿರ್ನಾಮವಾಗಿತ್ತು. ಹೊರದೇಶದಿಂದ ತರಿಸಿ ಸಾಕಿದವರ ಕೈಯಿಂದ ತಪ್ಪಿಸಿಕೊಂಡವು, ಕೆಲವರು ಬೇಕೆಂದೇ ಬಿಟ್ಟವು, ಇವೇ 1960-70ರ ದಶಕಗಳಲ್ಲಿ ಕಾಡು ಸೇರಿ ಗೂಡು ಕಟ್ಟಿ ಇಂದು ಅಲ್ಲಿ ಮತ್ತೆ ಬಾಜ್ ಹಾರುವಂತಾಗಿದೆ. ನ್ಯೂಯಾರ್ಕಿನ ಗೂಬೆಯ ಕಥೆ ಬೇರೆ. ಅದು ಬೇಟೆಯ ಹಕ್ಕಿಯಲ್ಲ, ಪ್ರಾಣಿಸಂಗ್ರಹಾಲಯದ್ದು, ಹೆಸರು ಫ್ಲ್ಯಾಕೊ. 2023ರ ಫೆಬ್ರುವರಿ 2ರಂದು ಯಾರೋ ಜಾಳಿಗೆ ಕತ್ತರಿಸಿದ್ದರಿಂದ ಹೊರಬಿದ್ದು, ತಾನಾಗಿಯೇ ಇಲಿ ಹಿಡಿಯುವುದನ್ನು ಕಲಿತು, ಒಂದು ವರ್ಷ ಆ ಮಹಾನಗರದಲ್ಲಿ ಬಾಳಿತು. 2024ರ ಫೆಬ್ರುವರಿಯಲ್ಲಿ ಕಟ್ಟಡವೊಂದರ ಬುಡದಲ್ಲಿ ಬಿದ್ದು ಸತ್ತಿತು. ಪರೀಕ್ಷೆ ಮಾಡಿದಾಗ ಅದರ ಮೈಯಲ್ಲಿ ನಾಲ್ಕು ಬಗೆಯ ಇಲಿ ಪಾಷಾಣ, ಮತ್ತು ಪಾರಿವಾಳದಿಂದ ಬಂದ ರೋಗ ಕಂಡವು. ಗೋದಾಮು ಇಟ್ಟುಕೊಂಡ ನಮ್ಮ ಬಾಂಧವರು ಈ ಮಾತನ್ನು ಗಮನಿಸಬೇಕು. ಇಲಿ ಔಷಧ ನಾವು ಇಡುವುದಿಲ್ಲ, ನಿಜ; ಬಾಡಿಗೆಗೆ ಕೊಟ್ಟ ಗೋದಾಮಿನಲ್ಲಿ ಏನು ಇಡುತ್ತಾರೆಂದು ಎಷ್ಟು ಮಂದಿ ವಿಚಾರಿಸಿದ್ದೇವೆ?

ಕಾಲಿನಲ್ಲಿ ಏನಾದರೂ ಕಂಡ ಕೂಡಲೇ ಎಲ್ಲವೂ ಕೈ ತಪ್ಪಿದ ಹಕ್ಕಿಯೆಂದು ತಿಳಿಯಬಾರದು. ನಂಬರು ಕೆತ್ತಿದ ತೆಳ್ಳನೆಯ ಲೋಹದ ಉಂಗುರ ಇದ್ದರೆ ಅದು ವಿಜ್ಞಾನಿಗಳು ತೊಡಿಸಿದ್ದು, ಮುಂಬಯಿಯ ಬಿ.ಎನ್.ಎಚ್.ಎಸ್. ಸಂಸ್ಥೆಯ ಉಂಗುರಗಳ ಮೇಲೆ ಅದರ ಹೆಸರೇ ಇರುತ್ತದೆ. ಬೆನ್ನ ಮೇಲೆ ಸಣ್ಣ ಡಬ್ಬಿ, ತಂತಿ ಇದ್ದರೆ ಉಪಗ್ರಹದ ಯಂತ್ರ. 2013ರಲ್ಲಿ ನಾಗಾಲ್ಯಾಂಡಿನಲ್ಲಿ ಮೂರು ಅಮೂರ್ ಗಿಡುಗಗಳಿಗೆ ಇಂಥದ್ದು ಕಟ್ಟಿದಾಗ ಅವು ಭಾರತವನ್ನು ಅಡ್ಡ ದಾಟಿ, ಸಮುದ್ರದ ಮೇಲೆ ಹಾರಿ ಆಫ್ರಿಕಾ ಮುಟ್ಟಿದ್ದು ತಿಳಿದುಬಂತು. ಅಬುಧಾಬಿಯವರು 1995ರಿಂದ ತಮ್ಮ ಬೇಟೆ ಗಿಡುಗಗಳಲ್ಲಿ ಅನೇಕವನ್ನು ಉಂಗುರ ಹಾಕಿ, ಚರ್ಮದೊಳಗೆ ಚಿಪ್ ಇಟ್ಟು ಪಾಕಿಸ್ತಾನ ಮುಂತಾದ ಕಡೆ ಹಾರಿಬಿಡುತ್ತ ಬಂದಿದ್ದಾರೆ. ಆ ದೇಶದಲ್ಲಿ ಗಿಡುಗಕ್ಕೆ 2002ರಿಂದ ಪಾಸ್‌ಪೋರ್ಟ್ ಇದೆ! ವಿಮಾನದಲ್ಲಿ ಅವು ಯಜಮಾನನ ಜೊತೆಗೇ ಹೋಗುತ್ತವೆ. ನಮ್ಮ ಹುಡುಗರಿಗೆ ಪಾಸ್‌ಪೋರ್ಟ್ ಮಾಡಿಸಲು ಎಷ್ಟು ಸಲ ಪುಣೆಗೆ ಓಡಾಡಿದೆವೆಂದು ನೆನೆದರೆ ನಗು ಬರುತ್ತದೆ.

ಉಂಗುರ ಕಂಡು ಗಾಬರಿಯಾದರೆ ಏನಾಗುತ್ತದೆಂಬುದಕ್ಕೆ ಮುಂಬಯಿಯ ಉದಾಹರಣೆ ಇದೆ. 2023ರ ಮೇ ತಿಂಗಳಲ್ಲಿ ಬಂದರಿನ ಬಳಿ ಸಿಕ್ಕ ಪಾರಿವಾಳವೊಂದರ ಕಾಲಲ್ಲಿ ಉಂಗುರಗಳು, ರೆಕ್ಕೆಯ ಮೇಲೆ ಚೀನೀ ಅಕ್ಷರದಂಥ ಬರಹ. ಗೂಢಚಾರ ಹಕ್ಕಿಯೆಂದು ಪೊಲೀಸರು ಅದನ್ನು ಪರೇಲದ ಪ್ರಾಣಿಗಳ ದವಾಖಾನೆಯಲ್ಲಿ ಇರಿಸಿದರು. ಅದು ತೈವಾನಿನ ಪಂದ್ಯದ ಪಾರಿವಾಳ, ದಾರಿ ತಪ್ಪಿ ಬಂದದ್ದೆಂದು ಗೊತ್ತಾಗಿ ಬಿಡುಗಡೆಯಾಗುವಾಗ 2024ರ ಜನವರಿ ಮುಗಿಯುತ್ತ ಬಂದಿತ್ತು. ಎಂಟು ತಿಂಗಳ ಸೆರೆ.

ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣೆ ಕಾಯಿದೆಯ ಪ್ರಕಾರ ನಮ್ಮ ದೇಶದ ಗಿಡುಗಗಳನ್ನು ಹಿಡಿಯುವುದು, ಮಾರುವುದು, ಪರವಾನಿಗೆ ಇಲ್ಲದೆ ಸಾಕುವುದು ಅಪರಾಧ. ಯುನೆಸ್ಕೊ ಸಂಸ್ಥೆ 2010ರಲ್ಲಿ ಗಿಡುಗದ ಬೇಟೆಯನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬೇರೆ ದೇಶಗಳ ಕೋರಿಕೆಯ ಮೇಲೆ; ಅದರಿಂದ ನಮ್ಮ ಕಾನೂನು ಬದಲಾಗಿಲ್ಲ. 1978-79ರ ಚಳಿಗಾಲದಲ್ಲಿ ಸೌದಿ ರಾಜಕುಮಾರನೊಬ್ಬ ಗಿಡುಗಗಳ ಸಮೇತ ಜೈಸಲ್ಮೇರಿಗೆ ಬೇಟೆಗೆ ಬಂದಾಗ ರಾಜಸ್ಥಾನದ ಜನ ಬೀದಿಗಿಳಿದು ಪ್ರತಿಭಟಿಸಿದರು. ಅಲ್ಲಿ ಜನ ಕಾಪಾಡಹೊರಟ ದೊಡ್ಡ ಹಕ್ಕಿ ನಮ್ಮ ಮಾಳಢೋಕವೇ. ಅದಕ್ಕಾಗಿ ನಾನ್ನಜದ ಅಭಯಾರಣ್ಯ ಆದದ್ದೂ 1979ರಲ್ಲಿ. ಇಂದು ಅಲ್ಲಿ ಒಂದು ಮಾಳಢೋಕ ಕಣ್ಣಿಗೆ ಬಿದ್ದರೆ ಅದೇ ಭಾಗ್ಯ.

ದಯೆಯಿಂದ ಮನೆಯಲ್ಲಿಟ್ಟುಕೊಂಡರೂ ಕಾನೂನಿನ ಕಣ್ಣಿಗೆ ಅದು ಸಾಕಿದಂತೆಯೇ. ಸಿಕ್ಕ ವನ್ಯಪ್ರಾಣಿಯ ವಿಷಯವನ್ನು 48 ತಾಸಿನೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕೆಂದು ಕಾಯಿದೆಯಲ್ಲೇ ಇದೆ. ಮಹಾರಾಷ್ಟ್ರದಲ್ಲಿ ಅರಣ್ಯ ಖಾತೆಯ ಫೋನ್ ನಂಬರು 1926.

ಆಹಾರದ ಪೇಚಾಟ ನಮ್ಮ ಬೀಗರ ಮನೆಯದಷ್ಟೇ ಅಲ್ಲ. ದಿಲ್ಲಿಯ ಚಾಂದನಿ ಚೌಕದ ಲಾಲ್ ಮಂದಿರದಲ್ಲಿ ನಮ್ಮ ಸಮಾಜದ ಪಕ್ಷಿಗಳ ಆಸ್ಪತ್ರೆ ಇದೆ, ಅನೇಕರು ಯಾತ್ರೆಗೆ ಹೋದಾಗ ನೋಡಿರುತ್ತೀರಿ. ಅಲ್ಲಿ ಕಾಳು ತಿನ್ನುವ ಹಕ್ಕಿಗಳನ್ನು ಇಟ್ಟುಕೊಂಡು ಉಪಚರಿಸುತ್ತಾರೆ. ಮಾಂಸಾಹಾರಿ ಹಕ್ಕಿಗೆ ಮದ್ದು ಹಚ್ಚಿ ಕಳಿಸುವ ಪದ್ಧತಿ. ಅದೇ ದಿಲ್ಲಿಯ ನದೀಮ್ ಮತ್ತು ಸೌದ್ ಎಂಬ ಅಣ್ಣತಮ್ಮಂದಿರು ಗಾಯಗೊಂಡ ಹದ್ದಿಗೆ ಈ ಕಾರಣದಿಂದ ಜಾಗ ಸಿಗದಾಗ ತಾವೇ ಮನೆಯಲ್ಲಿ ಉಪಚಾರ ಸುರು ಮಾಡಿದರು. ಸಾವಿರಾರು ಹದ್ದುಗಳನ್ನು ಉಳಿಸಿದರು. ಅವರ ಮೇಲೆ 2022ರಲ್ಲಿ ಬಂದ ಸಾಕ್ಷ್ಯಚಿತ್ರ ಜಗತ್ತಿನಲ್ಲೆಲ್ಲ ಹೆಸರು ಮಾಡಿತು. ಆಸ್ಪತ್ರೆಯ ನಿಯಮದ ಹಿಂದಿನ ಭಾವನೆ ನಮಗೆ ಅರ್ಥವಾಗುತ್ತದೆ. ಆ ಅಣ್ಣತಮ್ಮಂದಿರ ಕೆಲಸದ ಬಗ್ಗೆಯೂ ಗೌರವವಿದೆ. ನಮ್ಮಂಥ ಮನೆಗಳಿಗೆ ಸಮಾಧಾನದ ಸಂಗತಿಯೆಂದರೆ, ಮೊದಲ ದಿವಸ ಗಿಡುಗಕ್ಕೆ ಊಟ ಬೇಕಾಗಿಯೇ ಇಲ್ಲ. ಗಾಬರಿಯಾದ ಹಕ್ಕಿಗೆ ತುರುಕಿದ ಆಹಾರ ಅಪಾಯ. ಹಾಲು, ರೊಟ್ಟಿ, ಅನ್ನ ಅದಕ್ಕೆ ಪಚನವಾಗುವುದಿಲ್ಲ. ಬಾಯಿಗೆ ಹನಿಸಿದ ನೀರು ಶ್ವಾಸನಾಳಕ್ಕೆ ಹೋದರೆ ಅಲ್ಲಿಗೇ ಮುಗಿಯಿತು.

ಬೇಕಾದದ್ದು ದಪ್ಪ ಟವೆಲ್, ತೂತು ಕೊರೆದ ರಟ್ಟಿನ ಡಬ್ಬಿ, ಅದರ ತಳಕ್ಕೆ ಒಂದು ಹಳೆಯ ಬಟ್ಟೆ. ಟವೆಲನ್ನು ತಲೆಯ ಮೇಲಿಂದ ಹೊದಿಸಬೇಕು. ಕತ್ತಲಾದ ಕೂಡಲೇ ಗಿಡುಗ ಶಾಂತವಾಗುತ್ತದೆ, ಬೇಟೆಗಾರರು ಟೋಪಿ ಹಾಕುತ್ತಿದ್ದದ್ದೂ ಅದಕ್ಕೇ. ಕೊಕ್ಕಿಗಿಂತ ಉಗುರು ಅಪಾಯ, ಆದ್ದರಿಂದ ಕಾಲುಗಳನ್ನು ಮೊದಲು ಹಿಡಿಯಬೇಕು. ಮರಕ್ಕೆ ಸುತ್ತಿದ ದಾರವನ್ನು ಕೊಂಬೆಯ ಕಡೆ ಕತ್ತರಿಸಬೇಕೇ ಹೊರತು ಎಳೆಯಬಾರದು, ಕಾಲು ಮುರಿಯುತ್ತದೆ. ಕಾಲಿನ ಪಟ್ಟಿಯನ್ನು ಅರಣ್ಯ ಖಾತೆಯವರೋ ಪಶುವೈದ್ಯರೋ ಬಿಚ್ಚಲಿ. ಹುಡುಗರು ಮುಚ್ಚಳ ತೆಗೆದು ಫೋಟೊ ಹೊಡೆಯದಂತೆ ಒಬ್ಬರು ಕಾವಲು ಕೂಡಬೇಕು, ಇದೇ ಎಲ್ಲಕ್ಕಿಂತ ಕಠಿಣ ಕೆಲಸ. ಇನ್ನು ಹಕ್ಕಿ ಕೈಗೆ ಸಿಗದೆ ಎತ್ತರದ ಕೊಂಬೆಯಲ್ಲಿ ಪಟ್ಟಿ ಜೋತು ಕೂತಿದ್ದರೆ ಬೆನ್ನಟ್ಟಬಾರದು. ಜಾಗ, ಹೊತ್ತು, ಯಾವ ದಿಕ್ಕಿಗೆ ಹಾರಿತು ಎಂದು ಬರೆದಿಟ್ಟು 1926ಕ್ಕೆ ತಿಳಿಸಬೇಕು. ಅದು ಸಂಜೆ ಮಲಗಲು ಅದೇ ಆಸುಪಾಸಿಗೆ ಮರಳಲೂಬಹುದು.